ತುಟಿಗೆ ಸಿಗದ ಪುಡಿ

"ಅಚ್ಚಿದ್ದೇ ಕಾಣದಿಲ್ವಲ್ಲ ಸಾಬ್ರೇ! ಡಬ್ಬಿ ಒಳಗ ಮುಲಾಮು ಅದಾ, ಇಲ್ಲಾ ಬರೀ ಗಾಳಿ ತುಂಬಿ ಕೊಟ್ಬುಟ್ರಾ?"

ತೆರಕಣಾಂಬಿಯ ಗುರುಮಲ್ಲಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಒಂದು ಕಾಲನ್ನು ಇನ್ನೊಂದು ಮಂಡಿಯ ಮೇಲೇರಿಸಿ, ಒಡೆದ ಹಿಮ್ಮಡಿಯನ್ನು ಸಾಕ್ಷಿಗೆ ಹಾಜರುಪಡಿಸಿದ್ದಳು. ಗುಂಡ್ಲುಪೇಟೆಯ ಆ ಅಂಗಡಿಗೆ ಬೋರ್ಡಿಲ್ಲ, ಬೋರ್ಡು ಬೇಕೆಂದು ಯಾರಿಗೂ ಅನ್ನಿಸಿಯೂ ಇಲ್ಲ. ಸುತ್ತಲಿನ ಊರುಗಳಿಗೆಲ್ಲ ಹುಸೇನ್ ಎಂದರೆ ಮುಲಾಮು ಸಾಬ್ರು. ಕಾಲೊಡಕಿಗೆ, ಬೆವರುಸಾಲೆಗೆ, ಎಳೆಗೂಸಿನ ತೊಡೆಸಂದಿನ ಕೆಂಪಿಗೆ, ಕುಡುಗೋಲು ತಾಗಿದ ಗಾಯಕ್ಕೆ, ಎಲ್ಲಕ್ಕೂ ಅವರ ಕೈಯ ಬಿಳಿ ಮುಲಾಮು.

"ಕಾಣದೆ ಇರೋದೇ ಅದರ ಹೆಚ್ಚುಗಾರಿಕೆ ಕಣಮ್ಮ," ಎಂದರು ಹುಸೇನ್. "ಮೊದಲಾದ್ರೆ ನಿನ್ನ ಕಾಲು ಸುಣ್ಣ ಬಳಿದ ಗೋಡೆ ಹಂಗೆ ಕಾಣೋದು. ಈಗ ನೋಡು, ಹಚ್ಚಿದ್ದೇ ತಡ, ಒಳಗೆ ಹೋಗಿಬಿಡ್ತದೆ."

"ಒಳಗ ಓಗಿ ಏನ್ ಮಾಡ್ತದ?"

ಹುಸೇನ್ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. "ಒಳಗೆ ಹೋಗಿ... ಒಳಗಿಂದಾನೇ ವಾಸಿ ಮಾಡ್ತದೆ."

"ನೀವ್ ಕಂಡೀರಾ? ಬೆಳ್ಳಗ್ ಮೆತ್ಕಂಡಿದ್ರ ನಂಗ ಒಂದ್ ಧೈರ್ಯ. ಮನಗ್ ಬಂದೋನು ಮಕ ತೋರಿಸ್ದೆ ಸೀದಾ ಒಳಕ್ ಓಗ್ಬುಟ್ರ, ಅಂವ ನೆಂಟನಾ ಕಳ್ಳನಾ ಅಂತ ನಾ ಎಂಗ್ ತಿಳ್ಕಳದು?"

ಹುಸೇನ್ ನಕ್ಕರು. ಗುರುಮಲ್ಲಮ್ಮನೂ ನಕ್ಕಳು. ಆದರೂ ಡಬ್ಬಿಯನ್ನು ಸೆರಗಿಗೆ ಗಂಟು ಹಾಕಿಕೊಂಡೇ ಬಸ್ಸು ಹಿಡಿಯಲು ಹೊರಟಳು.

ಆ ಮುಲಾಮಿನಲ್ಲಿ ಇದ್ದದ್ದು ಮೂರೇ ಮೂರು: ಕೊಬ್ಬರಿ ಎಣ್ಣೆ, ಜೇನುಮೇಣ, ಸಫೇದಾ. ಸಫೇದಾ ಎಂದರೆ ಸತುವಿನ ಬಿಳಿ ಪುಡಿ. ಎಣ್ಣೆ, ಮೇಣವನ್ನು ಯಾರು ಬೇಕಾದರೂ ಕಾಯಿಸಿಯಾರು. ಕಸುಬೆಲ್ಲ ಇದ್ದದ್ದು ಪುಡಿಯನ್ನು ಅರೆಯುವುದರಲ್ಲಿ. ಹುಸೇನ್ ಹನ್ನೆರಡು ವರ್ಷದವರಿದ್ದಾಗ ಅವರ ಅಬ್ಬಾ ಔಷಧಿ ಅರೆಯುವ ಕರಿಕಲ್ಲಿನ ಕಲ್ಬತ್ತಿನ ಮುಂದೆ ಕೂರಿಸಿ, ಅರೆದ ಪುಡಿಯಲ್ಲಿ ಒಂದು ಚಿಟಿಕೆ ತೆಗೆದು ಅವರ ಕೆಳತುಟಿಗೆ ಸವರಿ ಕೇಳಿದ್ದರು: "ತುಟಿ ಏನಂತದೆ?"

"ಇದೆ ಅಂತದೆ ಅಬ್ಬಾ."

"ಹಾಗಾದ್ರೆ ಅರೆ."

ಮಾರನೆಯ ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ದಿನ ಸಂಜೆ, ರಟ್ಟೆ ಬಿದ್ದುಹೋದಂತಾಗಿದ್ದಾಗ, ತುಟಿ ಸುಮ್ಮನಾಯಿತು. ಪುಡಿ ಇದೆಯೋ ಇಲ್ಲವೋ ಗೊತ್ತಾಗದಾಯಿತು. "ಈಗ ಆಯಿತು," ಎಂದಿದ್ದರು ಅಬ್ಬಾ. ಅರೆಯುವವನ ಬೆರಳಲ್ಲಿ ಜಡ್ಡು ಕಟ್ಟಿರುತ್ತದೆ, ಅದಕ್ಕೇನೂ ತಿಳಿಯುವುದಿಲ್ಲ; ನಾಲಗೆಗೆ ರುಚಿಯದೇ ಗಲಾಟೆ; ತುಟಿಯೊಂದೇ ನಿಜ ಹೇಳುವುದು ಎಂಬುದು ಆ ಮನೆಯ ನಂಬಿಕೆ. ಅಂದಿನಿಂದ ಐವತ್ತು ವರ್ಷ, ತುಟಿ ಸುಮ್ಮನಾಗುವವರೆಗೆ ಅರೆಯುವುದೇ ಹುಸೇನರಿಗೆ ಗೊತ್ತಿದ್ದ ವಿದ್ಯೆ.

ಹೀಗಿರುವಾಗ, ಎರಡು ಸಾವಿರದ ಎಂಟರ ಫೆಬ್ರುವರಿಯಲ್ಲಿ, ಚಾಮರಾಜನಗರದ ಬಣ್ಣದಂಗಡಿಯವನು ಒಂದು ಹೊಸ ಪೊಟ್ಟಣ ತೆಗೆದು ಮುಂದಿಟ್ಟ. "ಕೊಯಮತ್ತೂರಿಂದ ಬಂದದ್ದು ಸಾಬ್ರೇ. ಇದೂ ಸತುವಿಂದೇ. ನ್ಯಾನೋ ಅಂತಾರೆ."

"ನ್ಯಾನೋ ಅಂದ್ರೆ ಪೇಪರಲ್ಲಿ ಬಂದಿತ್ತಲ್ಲ, ಆ ಪುಟ್ಟ ಕಾರಲ್ವೇನ್ರೀ?"

"ಅದೂ ನ್ಯಾನೋನೇ, ಇದೂ ನ್ಯಾನೋನೇ. ಚಿಕ್ಕದಕ್ಕೆಲ್ಲ ಅದೇ ಹೆಸರು ಈಗ."

ಹುಸೇನ್ ಒಂದು ಚಿಟಿಕೆ ತೆಗೆದು ತುಟಿಗೆ ಹಚ್ಚಿಕೊಂಡರು. ತುಟಿ ಏನೂ ಅನ್ನಲಿಲ್ಲ. ಕಣ್ಣು ಮುಚ್ಚಿ ಕಾದರು. ಊಹೂಂ. ಕಲ್ಲಿಗೇ ಬೀಳದ ಪುಡಿ, ಒಂದು ಸುತ್ತೂ ಅರೆಯದ ಪುಡಿ, ತುಟಿಯ ಮುಂದೆ ಮೊದಲ ಸಲಕ್ಕೇ ಗೆದ್ದುಬಿಟ್ಟಿತ್ತು. ತಮ್ಮ ಐವತ್ತು ವರ್ಷದ ರಟ್ಟೆಯನ್ನು ಯಾರೋ ಕಾಗದದಲ್ಲಿ ಕಟ್ಟಿ ಕೈಗಿತ್ತಂತಾಗಿ ಅವರಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಅದಕ್ಕಿಂತ ಹೆಚ್ಚು ಬೆರಗಾಯಿತು. ಅಬ್ಬಾ ಇದ್ದಿದ್ದರೆ ತೋರಿಸಬಹುದಿತ್ತು ಎಂದುಕೊಳ್ಳುತ್ತ ಬಸ್ಸು ಹತ್ತಿದ್ದರು.

ಅದರಲ್ಲಿ ಮೊದಲು ಮಾಡಿದ ಮುಲಾಮನ್ನು ಒಂದು ಹಿತ್ತಾಳೆ ಭರಣಿಗೆ ತುಂಬಿ ಬೇರೆ ಎತ್ತಿಟ್ಟು, ಆಮೇಲಿನದನ್ನು ಡಬ್ಬಿಗೆ ತುಂಬಿ ಗುರುಮಲ್ಲಮ್ಮನಂಥವರಿಗೆ ಕೊಡತೊಡಗಿದರು. ಎತ್ತಿಟ್ಟ ಭರಣಿ ಮೊಮ್ಮಗ ಹಾರಿಸನಿಗೆ. ಏಪ್ರಿಲ್ ಕೊನೆಯ ಶುಕ್ರವಾರ ಅವನ ಖತ್ನಾ, ಅಂದರೆ ಸುನ್ನತಿ. ಒಂದು ಕಾಲಕ್ಕೆ ಗುಂಡ್ಲುಪೇಟೆಯ ಖತ್ನಾಗಳೆಲ್ಲ ಹುಸೇನರ ಕೈಯಲ್ಲೇ ಆಗುತ್ತಿದ್ದವು. ತೆಗೆದ ಚೂರು ಚರ್ಮವನ್ನು ಹಿತ್ತಿಲ ದಾಳಿಂಬೆ ಗಿಡದ ಬುಡದಲ್ಲಿ ಹೂಳುವುದು, ಗಾಯಕ್ಕೆ ಮುಲಾಮು ಹಚ್ಚುವುದು, ಏಳನೆಯ ದಿನ ಮಗುವಿನ ಮನೆಯಲ್ಲಿ ಪಾಯಸ ಕುಡಿದು ಬರುವುದು. ಈಗ ಎಲ್ಲರೂ ಡಾಕ್ಟರ ಹತ್ತಿರ ಹೋಗುತ್ತಾರೆ, ಹೋಗಲೂಬೇಕು ಎಂದು ಹುಸೇನರೇ ಒಪ್ಪಿದ್ದರು. ಮಗ ಮುಷರಫ್ ಕೂಡ ನಯವಾಗಿಯೇ ಹೇಳಿದ್ದ: "ಕೈ ಡಾಕ್ಟರದ್ದಿರಲಿ ಅಬ್ಬಾ. ಮುಲಾಮು ಮಾತ್ರ ನಿಮ್ಮದೇ." ಅವರ ಪಾಲಿಗೆ ಉಳಿದಿದ್ದದ್ದು ಅಷ್ಟು. ಅದಕ್ಕೇ ಆ ಭರಣಿ.

ಏಪ್ರಿಲಿನಲ್ಲಿ ಗುರುಮಲ್ಲಮ್ಮ ಬಂದುಹೋದ ದಿನವೇ ಮಗಳು ಫರ್ಹೀನಳ ಫೋನು ಬಂತು. ಅವಳು ಎಂ.ಎಸ್ಸಿ. ಮುಗಿಸಿ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಕಲ್ಲುಮಣ್ಣಿನ, ಲೋಹದ ಸಣ್ಣ ಪುಡಿಗಳು ಮನುಷ್ಯರ ಚರ್ಮಕ್ಕೆ ಏನು ಮಾಡುತ್ತವೆ ಎಂದು ನೋಡುವ ಕೆಲಸ. ಹಿಂದಿನ ತಿಂಗಳು ಊರಿಗೆ ಬಂದಾಗ ಅಬ್ಬಾನ ಹಳೇ ಪುಡಿಯದೊಂದು, ಹೊಸ ಪುಡಿಯದೊಂದು ಪೊಟ್ಟಣ ಕಟ್ಟಿಕೊಂಡು ಹೋಗಿದ್ದಳು.

"ಅಬ್ಬಾ, ಹೊಸ ಪುಡಿಯ ಮುಲಾಮು ಹಾರಿಸ್‌ಗೆ ಬೇಡ."

"ಯಾಕೆ?"

"ಅದು ತೀರಾ ನಯ."

ಹುಸೇನರಿಗೆ ಇದಕ್ಕಿಂತ ತಲೆಕೆಳಗಾದ ಮಾತನ್ನು ಕೇಳಿದ ನೆನಪಿರಲಿಲ್ಲ. ಉಪ್ಪು ತೀರಾ ಉಪ್ಪಾಗಿದೆ ಎಂದ ಹಾಗೆ. "ನಯ ಆಗಲಿ ಅಂತಾನೇ ಬೇಟಿ ನಾವು ಅರೆಯೋದು. ನಿನ್ನ ದಾದಾ, ನನ್ನ ಅಬ್ಬಾ, ಅರೆದರು, ನಾನು ಅರೆದೆ. ತುಟಿಗೇ ಸಿಗದ್ದು ಗಾಯಕ್ಕೆ ಏನು ಮಾಡೀತು? ನೀನು ಓದಿದವಳು, ನಾನು ಅರೆದವನು."

"ಅದಕ್ಕೇ ನೀವೇ ಕಣ್ಣಾರೆ ನೋಡಿ ಅನ್ನೋದು. ನಮ್ಮ ಲ್ಯಾಬೊಳಗೆ ಹೊರಗಿನವರನ್ನ ಬಿಡಲ್ಲ. ಅಲ್ಲಿನ ಮೇಡಮ್ಮನ್ನ ಕೇಳಿದೀನಿ, ಭಾನುವಾರ ಚಾಮರಾಜನಗರದಲ್ಲಿ ನಾನು ಓದಿದ ಕಾಲೇಜಿಗೆ ತರ್ತೀನಿ. ನೀವು ಅಲ್ಲಿಗೆ ಬನ್ನಿ."

"ಏನನ್ನ ತರ್ತೀಯ?"

"ಚರ್ಮಾನ. ಜೀವ ಇರೋ ಚರ್ಮಾನ."

ಒಲೆಯ ಮುಂದಿದ್ದ ಹೆಂಡತಿ ಅಕ್ತರ್ ಬೀಗೆ ಈ ಕೊನೆಯ ಮಾತು ಮಾತ್ರ ಕೇಳಿಸಿತು. "ಯಾ ಅಲ್ಲಾ, ಈ ಹುಡುಗಿ ಮೈಸೂರಲ್ಲಿ ಕಸಾಯಿ ಕೆಲಸ ಹಿಡಿದಳಾ?" ಎಂದು ಸೌಟು ಕೈಯಲ್ಲೇ ಹಿಡಿದು ಈಚೆ ಬಂದರು.

ಭಾನುವಾರ ಹುಸೇನ್ ಹಿತ್ತಾಳೆ ಭರಣಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡೇ ಹೊರಟರು. ಮಗಳಿಗೆ ತಪ್ಪು ತೋರಿಸಿಕೊಟ್ಟು, ಅಲ್ಲೇ ಅವಳ ತುಟಿಗೇ ಹಚ್ಚಿ ಕೇಳಬೇಕೆಂದು ಅವರ ಲೆಕ್ಕ. ತೆರಕಣಾಂಬಿ ದಾಟಿ ಬಸ್ಸು ಚಾಮರಾಜನಗರ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.

ಕಾಲೇಜಿನ ಗೇಟಿನಲ್ಲಿ ಅಟೆಂಡರ್ ದೊಡ್ಡಮಾದಯ್ಯ ಬೀಗದ ಕೈ ಗೊಂಚಲು ಆಡಿಸುತ್ತ ನಿಂತಿದ್ದ. ಉಡಿಗಾಲದವನು, ಫರ್ಹೀನ್ ಬಿ.ಎಸ್ಸಿ. ಓದುವಾಗಿನಿಂದಲೂ ಅವಳನ್ನು ಬಲ್ಲವನು.

"ಬನ್ನಿ ಸಾಬ್ರೇ. ನಿಮ್ ಮಗಳು ಆಗ್ಲೇ ಒಳಗವ್ಳೆ. ಪ್ರಿನ್ಸಿಪಾಲ್ರ ತಾವು ಕೇಳಿ ನಾನೇ ಬಾಗ್ಲ ತಗ್ದೆ. ಫ್ಯಾನ್ ಆಕ್ತಿನಿ ಅಂದ್ರ ಬ್ಯಾಡ ಅಂತವ್ಳೆ ಕಣ! ಈ ಸೆಕೆಲಿ!"

"ಇವಕ್ಕೆ ಈ ಸೆಕೆ ಬೇಕು ಮಾದಯ್ಯಣ್ಣ," ಎಂದಳು ಒಳಗಿನಿಂದ ಫರ್ಹೀನ್. "ಮನುಷ್ಯರ ಮೈಯಷ್ಟೇ ಬಿಸುಪು ಬೇಕು. ಅದಕ್ಕೇ ಏಪ್ರಿಲ್ ಒಳ್ಳೇದು."

ಮೇಜಿನ ಮೇಲೆ ಮೂರು ಚಪ್ಪಟೆ ಸೀಸೆಗಳಿದ್ದವು, ಪ್ಲಾಸ್ಟಿಕ್ಕಿನವು, ಅಂಗೈಗಿಂತ ಚಿಕ್ಕವು. ಒಳಗೆ ಗುಲಾಬಿ ಶರಬತ್ತಿನ ಬಣ್ಣದ ನೀರು ಮುಚ್ಚಳದವರೆಗೂ ತುಂಬಿತ್ತು. ಮೈಸೂರಿನಿಂದ ಬದನಗುಪ್ಪೆ ದಾರಿಯಲ್ಲಿ ಬರುವಷ್ಟು ಹೊತ್ತೂ ಅವನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಂಡಿದ್ದಳಂತೆ, ಪಕ್ಕದ ಸೀಟಿನ ಹೆಂಗಸು "ಕೋಳಿಮೊಟ್ಟೆಯೇನವ್ವ?" ಎಂದು ಕೇಳಿದ್ದಳಂತೆ.

"ಚರ್ಮ ಎಲ್ಲಿ?" ಎಂದರು ಹುಸೇನ್. ಸೀಸೆಯಲ್ಲಿ ಅವರಿಗೆ ನೀರಲ್ಲದೆ ಏನೂ ಕಾಣಲಿಲ್ಲ.

ಫರ್ಹೀನ್ ಮೊದಲ ಸೀಸೆಯನ್ನು ತಲೆಕೆಳಗು ಮಾಡಿ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟಳು. "ಅವು ಸೀಸೆಯ ತಳಕ್ಕೆ ಅಂಟಿಕೊಂಡಿರ್ತವೆ. ನಮ್ಮ ಲ್ಯಾಬಿನ ಯಂತ್ರ ಕೆಳಗಿನಿಂದ ನೋಡ್ತದೆ, ಇದು ಮೇಲಿಂದ ನೋಡ್ತದೆ. ಅದಕ್ಕೇ ಸೀಸೆಯನ್ನೇ ಮಗುಚಿದೆ." ಬೆಳಕು ತಗ್ಗಿಸಿ, ತಿರುಪು ತಿರುಗಿಸಿ, ಪಕ್ಕಕ್ಕೆ ಸರಿದಳು. "ನೋಡಿ ಅಬ್ಬಾ."

ಹುಸೇನ್ ಟೋಪಿಯನ್ನು ಹಿಂದಕ್ಕೆ ಸರಿಸಿ ಬಗ್ಗಿದರು. "ಹುಲ್ಲು ಕಾಣ್ತಿದೆ."

"ಅದು ನಿಮ್ಮ ರೆಪ್ಪೆ. ಒಂಚೂರು ಹಿಂದಕ್ಕೆ ಬನ್ನಿ."

ಹಿಂದಕ್ಕೆ ಬಂದರು.

ಕೆರೆಯ ತಿಳಿನೀರಲ್ಲಿ ಮೀನಿನ ಹಿಂಡು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತ ಹಾಗೆ, ಎರಡೂ ತುದಿ ಚೂಪಾದ ಉದ್ದುದ್ದ ಜೀವಗಳು ಒಂದರ ಮೈಗೆ ಒಂದು ತಾಗಿಸಿಕೊಂಡು ಮಲಗಿದ್ದವು. ನೂರಾರು. ಅಲ್ಲೊಂದು ಕಡೆ ಹಿಂಡಿಗೆ ಹಿಂಡೇ ಸುಳಿಯಂತೆ ಬಳುಕಿ ತಿರುಗಿತ್ತು. ಪ್ರತಿಯೊಂದರ ಹೊಟ್ಟೆಯಲ್ಲೂ ನೆರಳಿನಂಥ ಒಂದು ಬೊಟ್ಟು. ಯಾರೂ ಬರೆದದ್ದಲ್ಲ, ನೇಯ್ದದ್ದಲ್ಲ. ಅರವತ್ತೆರಡು ವರ್ಷ ತಮ್ಮ ಮೈಮೇಲೇ ಹೊತ್ತು ತಿರುಗಿದ್ದನ್ನು ಹುಸೇನ್ ಅಂದು ಮೊದಲ ಸಲ ನೋಡುತ್ತಿದ್ದರು.

"ಇದು ಚರ್ಮಾನಾ?"

"ಚರ್ಮದ ಕೋಶಗಳು. ಮೇಲಿನ ಪದರದ ಕೆಳಗೆ ಇರೋವು. ಜೀವ ಇದೆ ಇವಕ್ಕೆ. ಉಣ್ತವೆ, ಉಸಿರಾಡ್ತವೆ."

"ಅಲ್ಲೊಂದು ಗುಂಡಗೆ ಉಬ್ಬಿಕೊಂಡಿದೆ. ಕಾಯಿಲೆನಾ ಅದಕ್ಕೆ?"

ಫರ್ಹೀನ್ ಇಣುಕಿ ನೋಡಿ ಮುಗುಳ್ನಕ್ಕಳು. "ಕಾಯಿಲೆ ಅಲ್ಲ. ಅದನ್ನೇ ನೋಡ್ತಾ ಇರಿ."

ಕಲ್ಬತ್ತಿನ ಮುಂದೆ ಮೂರು ದಿನ ಕೂರಬಲ್ಲವರಿಗೆ ಕಾಯುವುದೊಂದು ಕಷ್ಟವೇ? ಹುಸೇನ್ ನೋಡುತ್ತಲೇ ಇದ್ದರು. ಬೆವರು ಮೂಗಿನ ತುದಿಗಿಳಿದು ಮೇಜಿನ ಮೇಲೆ ತೊಟ್ಟಿಕ್ಕಿತು. ದೊಡ್ಡಮಾದಯ್ಯ ಎರಡು ಸಲ ಬೀಡಿ ಸೇದಿ ಬಂದ. ಆ ಗುಂಡು ಹನಿಯ ನಡುವೆ ಮೆಲ್ಲಗೆ ಒಂದು ಸೊಂಟ ಮೂಡಿತು. ಸೊಂಟ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ದಾರದಷ್ಟಾಯಿತು. ಆಮೇಲೆ ಅಲ್ಲಿ ಎರಡಿದ್ದವು.

"ಸುಭಾನಲ್ಲಾ," ಎಂದರು ಹುಸೇನ್, ಸದ್ದಿಲ್ಲದೆ. ಸದ್ದು ಮಾಡಿದರೆ ಅವು ಬೆಚ್ಚುತ್ತವೆ ಎಂಬಂತೆ.

"ಏನಾಯ್ತು? ನಂಗೂ ವಸಿ ತೋರ್ಸಿ," ಎಂದು ದೊಡ್ಡಮಾದಯ್ಯ ನುಗ್ಗಿ ಬಂದ. "ಇಪ್ಪತ್ತು ವರ್ಸದಿಂದ ಈ ಮಿಷೀನ ಒರಸ್ತಾ ಇವ್ನಿ, ಒಂದಿನಾನೂ ಒಳಕ್ ನೋಡಿಲ್ಲ ಕಣಮ್ಮಿ." ನೋಡಿದ. ಬಾಯಿ ತೆರೆದದ್ದು ತೆರೆದೇ ಇತ್ತು. "ಅಯ್ಯೋ ಸಿವನೇ! ಜೋಡಿ ಕಣ ಇವು! ಇಷ್ಟೆಲ್ಲ ನಮ್ ಮೈಯೊಳಗ ನಡೀತಾ ಅದಾ? ನಮ್ಮುನ್ ಒಂದ್ ಮಾತ್ ಕೇಳ್ದಂಗೆ?"

ಹುಸೇನ್ ಸ್ಟೂಲಿನ ಮೇಲೆ ಕೂತು ಮುಖ ಒರೆಸಿಕೊಂಡರು. "ಯಾರ ಚರ್ಮ ಇದು ಬೇಟಿ?"

ಫರ್ಹೀನ್ ಒಮ್ಮೆ ದೊಡ್ಡಮಾದಯ್ಯನ ಕಡೆ ನೋಡಿ, ಕಿಟಕಿಯ ಕಡೆ ನೋಡಿ, ಮನೆಮಾತಾದ ಉರ್ದುವಿನಲ್ಲಿ ತಗ್ಗಿದ ದನಿಯಿಂದ ಏನೋ ಹೇಳಿದಳು. ಹುಸೇನ್ ತಲೆಯೆತ್ತಿದರು. ಮತ್ತೊಮ್ಮೆ ಹೇಳು ಎಂದರು. ಅವಳು ಮತ್ತೊಮ್ಮೆ ಹೇಳಿದಳು.

"ಏನಮ್ಮಿ, ನಂಗ ತಿಳೀಬಾರ್ದು ಅಂತ್ಲೇ ನಿಮ್ ಬಾಸೆಲಿ ಏಳದಾ?"

"ಅವಳಿಗೆ ನಾಚಿಕೆ ಮಾದಯ್ಯ, ನಾನೇ ಹೇಳ್ತೀನಿ," ಎಂದರು ಹುಸೇನ್. "ಎಲ್ಲೋ ಒಂದು ಊರಲ್ಲಿ ಒಂದು ಮಗುವಿಗೆ ಸುನ್ನತಿ ಮಾಡಿದಾಗ ತೆಗೆದ ಚೂರಂತೆ. ಬಿಸಾಕೋ ಚೂರು. ಅದನ್ನ ತಂದು, ಊಟ ಕೊಟ್ಟು, ಬೆಚ್ಚಗಿಟ್ಟು... ಇದು ಅದರ ಸಂತಾನ."

"ಆ ಕೂಸು?"

"ಈಗ ದೊಡ್ಡವನಾಗಿರ್ತಾನೆ," ಎಂದಳು ಫರ್ಹೀನ್. "ಯಾರು, ಎಲ್ಲಿ, ಯಾವ ಜಾತಿ ನಮಗೂ ಗೊತ್ತಿಲ್ಲ. ತನ್ನದೊಂದು ಚೂರು ಇಲ್ಲಿ ಬಂದಿದೆ ಅಂತ ಅವನಿಗೂ ಗೊತ್ತಿರಲ್ಲ."

ಹುಸೇನರ ಕಣ್ಣ ಮುಂದೆ ದಾಳಿಂಬೆ ಗಿಡ ಬಂದು ನಿಂತಿತು. ಎಷ್ಟು ಮಕ್ಕಳು! ಹೂಳಿದ ಪ್ರತಿ ಸಲವೂ ಬಿಸ್ಮಿಲ್ಲಾ ಅಂದಿದ್ದರು, ಮಣ್ಣು ಎಳೆದು ಪಾದದಿಂದ ಒತ್ತಿ ಕೈ ತೊಳೆದಿದ್ದರು. ಸತ್ತ ಚೂರೆಂದೇ ಅವರ ತಿಳುವಳಿಕೆ. ಉಗುರಿನಂತೆ, ಕೂದಲಿನಂತೆ. ಒತ್ತಿದ ಗಳಿಗೆಯಲ್ಲಿ ಅವುಗಳೊಳಗೂ ಈ ಮೀನಿನ ಹಿಂಡು ಇತ್ತೆಂದು, ಒಂದು ಎರಡಾಗಲು ಸೊಂಟ ಕಟ್ಟಿ ನಿಂತಿತ್ತೆಂದು ಯಾರು ತಾನೇ ಅಂದುಕೊಂಡಾರು? ಅವರಿಗೆ ದುಃಖವಾಗಲಿಲ್ಲ. ಒಂದು ದೊಡ್ಡ ಮನೆಯಲ್ಲಿ ಇಷ್ಟು ವರ್ಷ ಇದ್ದೂ ಒಂದು ಕೋಣೆಯ ಬಾಗಿಲು ತೆಗೆದೇ ಇರಲಿಲ್ಲವಲ್ಲ ಎಂಬಂಥ ಬೆರಗು.

"ಎರಡನೇದು ಇಡು," ಎಂದರು.

ಎರಡನೆಯ ಸೀಸೆಗೆ ಹಿಂದಿನ ದಿನ ಅವರದೇ ಹಳೇ ಪುಡಿ ಹಾಕಿ, ಆಮೇಲೆ ತೊಳೆದು ಹೊಸ ನೀರು ತುಂಬಿದ್ದಳು. ಹಿಂಡು ಸ್ವಲ್ಪ ತೆಳುವಾಗಿತ್ತು. ಅಲ್ಲಲ್ಲಿ ಜಾಗ ಬಿಟ್ಟಿತ್ತು. ಆದರೂ ಉದ್ದುದ್ದ ಮಲಗಿದ್ದವು, ಜೀವಂತವಾಗಿದ್ದವು.

"ನಂದೂ ಒಂದಷ್ಟು ತಿಂದಿದೆ ಹಾಗಾದ್ರೆ."

"ಒಂದಷ್ಟು. ಹೆಚ್ಚಿಲ್ಲ."

ಮೂರನೆಯದು ಹೊಸ ಪುಡಿಯದು. ತೂಕ ಅಷ್ಟೇ, ಹೊತ್ತು ಅಷ್ಟೇ ಎಂದು ಮಾತ್ರ ಹೇಳಿ ಫರ್ಹೀನ್ ಪಕ್ಕಕ್ಕೆ ಸರಿದಳು. ಹುಸೇನ್ ಬಗ್ಗಿದರು, ಬಗ್ಗಿದವರೇ ಹಿಗ್ಗಿ ಕೂಗಿದರು:

"ನೋಡು, ನೋಡು! ಇಲ್ಲಿ ಒಂದೂ ಉದ್ದಕ್ಕಿಲ್ಲ. ಎಲ್ಲಾ ಗುಂಡಗಾಗಿವೆ! ಎಲ್ಲಾ ಒಟ್ಟಿಗೇ ಎರಡಾಗೋಕೆ ಹೊರಟಿವೆ! ನಾನು ಹೇಳಲಿಲ್ವಾ? ಒಂದೇ ದಿನಕ್ಕೆ ಇಷ್ಟು ಅಂದ್ರೆ ಗಾಯ ಎಷ್ಟು ಬೇಗ ಕೂಡಿಕೊಳ್ಳಬಹುದು, ಲೆಕ್ಕ ಹಾಕು!"

ದೊಡ್ಡಮಾದಯ್ಯನೂ ನೋಡಿದ. "ಹೂಂ ಕಣಮ್ಮಿ. ಸಬ್ಬಕ್ಕಿ ಚೆಲ್ದಂಗೆ ಅವೆ."

ಫರ್ಹೀನ್ ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. "ನೋಡ್ತಾ ಇರಿ ಅಬ್ಬಾ," ಎಂದಳು ಅಷ್ಟೇ.

ಹುಸೇನ್ ಒಂದು ಗುಂಡನ್ನು ಆರಿಸಿಕೊಂಡರು. ಸೊಂಟ ಮೂಡುವುದನ್ನು ಕಾದರು. ಹತ್ತು ನಿಮಿಷವಾಯಿತು. ಇದು ಸೋಮಾರಿ ಎಂದು ಇನ್ನೊಂದನ್ನು ಆರಿಸಿಕೊಂಡರು. ಹೊರಗೆ ಮಧ್ಯಾಹ್ನದ ಜೊಹರ್ ನಮಾಜಿನ ಅಜಾನ್ ಕೇಳಿತು, ನಿಂತಿತು. ಮೂರನೆಯದೊಂದು ಅವರು ನೋಡುತ್ತಿದ್ದಂತೆ ತಳದ ಹಿಡಿತ ಬಿಟ್ಟು, ಒಣಗಿದ ಹುಣಸೆ ಎಲೆಯಂತೆ ಹಗುರವಾಗಿ ಕಣ್ಣಿಂದಾಚೆ ತೇಲಿಹೋಯಿತು. ಆಗ ಅವರು ಸರಿಯಾಗಿ ನೋಡಿದರು. ಮೊದಲ ಸೀಸೆಯ ಗುಂಡು ಬೆಳಕು ತುಂಬಿಕೊಂಡು ಮಿನುಗುತ್ತಿತ್ತು. ಇವು ಮುದುಡಿದ್ದವು. ಅಂಚು ತರಿತರಿ, ಒಳಗೆ ಕಪ್ಪು ಕಪ್ಪು. ಒಂದು ತಾಯಾಗಲು ದುಂಡಗಾಗಿತ್ತು. ಇವು ಚಳಿಗೆ ಮೊಣಕಾಲು ಎದೆಗೆ ಎಳೆದುಕೊಂಡವರಂತೆ ದುಂಡಗಾಗಿದ್ದವು.

ಕಣ್ಣು ಕೀಳದೆ ಕೇಳಿದರು: "ಇವು ಎರಡಾಗೋದಿಲ್ಲ, ಅಲ್ವಾ?"

"ಇಲ್ಲ ಅಬ್ಬಾ."

"ಅದೇ ಸತು. ಅಷ್ಟೇ ತೂಕ."

"ಅದೇ ಸತು. ಆದರೆ ಒಂದು ಅಚ್ಚು ಬೆಲ್ಲ ಇಟ್ಟರೆ ಇರುವೆ ಅದರ ಮೈಸುತ್ತ ಮಾತ್ರ ಮುತ್ತಬಹುದು. ಅದನ್ನೇ ಪುಡಿ ಮಾಡಿ ನೆಲಕ್ಕೆಲ್ಲ ಹರಡಿದ್ರೆ? ಬೆಲ್ಲ ಅಷ್ಟೇ, ಮುಟ್ಟೋ ಮೈ ಸಾವಿರ ಪಾಲು. ನೀವು ಅರೆದ ಪುಡಿಯ ಕಣ ಒಂದು ತಲೆಗೂದಲಿನ ಅಗಲಕ್ಕೆ ನೂರೋ ನೂರೈವತ್ತೋ ಕೂರ್ತವೆ. ಇವು ಎರಡು ಸಾವಿರಕ್ಕಿಂತ ಹೆಚ್ಚು ಕೂರ್ತವೆ. ಅಷ್ಟು ಚಿಕ್ಕದಕ್ಕೆ ಕೋಶದ ಗೋಡೆ ಅಡ್ಡ ಬರೋದೇ ಕಮ್ಮಿ. ಒಳಗೆ ಹೋಗಿ ಕರಗ್ತದೆ."

ಒಳಗ ಓಗಿ ಏನ್ ಮಾಡ್ತದ? ಗುರುಮಲ್ಲಮ್ಮನ ದನಿ ಹುಸೇನರ ಕಿವಿಯಲ್ಲಿ ಕೇಳಿತು.

"ಹಾಗಾದ್ರೆ ಇದು ವಿಷ."

"ಹಾಗೆ ಅನ್ನೋಕೂ ಬರಲ್ಲ ಅಬ್ಬಾ, ಸುಳ್ಳು ಹೇಳಬಾರದು. ಸೀಸೆಯಲ್ಲಿ ಆದದ್ದೆಲ್ಲ ಮೈಯಲ್ಲಿ ಆಗಬೇಕಂತಿಲ್ಲ. ಚೆನ್ನಾಗಿರೋ ಚರ್ಮದ ಮೇಲೆ ಸತ್ತ ಪದರದ ಒಂದು ಸೂರು ಇದೆ, ಇದು ಆ ಸೂರಿನ ಮೇಲೇ ನಿಂತುಬಿಡಬಹುದು. ಗಾಯಕ್ಕೆ ಸೂರಿಲ್ಲ. ಸೂರಿಲ್ಲದ ಕಡೆ ಇದು ಏನು ಮಾಡ್ತದೆ ಅನ್ನೋದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಹಾರಿಸ್‌ನ ಗಾಯದ ಮೇಲೆ ಕಲಿಯೋದು ಬೇಡ ಅಂತ ನಾನು ಹೇಳಿದ್ದು, ಅಷ್ಟೇ."

ಹುಸೇನ್ ಜೇಬಿನಿಂದ ಹಿತ್ತಾಳೆ ಭರಣಿ ತೆಗೆದು ಮಗಳ ಕೈಗಿಟ್ಟರು. ಅವಳ ತುಟಿಗೆ ಹಚ್ಚಲು ತಂದದ್ದೆಂದು ಹೇಳಲಿಲ್ಲ. ಬಾಗಿಲ ತನಕ ಹೋದವರು ಹಿಂತಿರುಗಿ ಬಂದು, "ಮೊದಲನೇದು ಇನ್ನೊಂದು ಸಲ ಇಡು," ಎಂದರು. ಬಗ್ಗಿ ನೋಡಿದರು. ಆಗಲೇ ಎರಡಾದವು ಬೇರೆ ಬೇರೆ ಕಡೆ ಮೈ ಚಾಚಲು ಶುರು ಮಾಡಿದ್ದವು. ಎಷ್ಟು ಹೊತ್ತು ನೋಡಿದರೋ, ದೊಡ್ಡಮಾದಯ್ಯನೇ ಕೊನೆಗೆ ಅಂದ: "ಸಾಬ್ರೇ, ಬೀಗ ಆಕ್ಬೇಕು. ಬ್ಯಾರೆ ದಿನ ಬನ್ನಿ, ನಮ್ಮಿಬ್ರದ್ದೂ ನೋಡ್ಕಳನ."

ಊರಿಗೆ ಮರಳುವಾಗ ಹುಸೇನ್ ತೆರಕಣಾಂಬಿಯಲ್ಲಿ ಇಳಿದರು. ಗುರುಮಲ್ಲಮ್ಮ ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದಳು.

"ಆ ಡಬ್ಬಿ ವಾಪಸ್ ಕೊಡಮ್ಮ. ಹಚ್ಚಬೇಡ ಅದನ್ನ, ಹಿಮ್ಮಡಿ ಬಿರುಕು ಬಿಟ್ಟು ಹಸಿ ಇದೆ. ಎರಡು ದಿನದಲ್ಲಿ ಹಳೇದು ತಂದ್ಕೊಡ್ತೀನಿ. ಉಳಿದವರ ಡಬ್ಬೀನೂ ಇಸ್ಕೊಳ್ಳೋಕೆ ಹೊರಟಿದೀನಿ."

ಅವಳು ಮೊರ ಕೆಳಗಿಟ್ಟಳು. "ಕಂಡ್ಕಂಡ್ರಾ? ಏನಂತ? ಕಳ್ಳನಾ, ನೆಂಟನಾ?"

"ಇನ್ನೂ ಗೊತ್ತಿಲ್ಲ ಕಣಮ್ಮ. ಗೊತ್ತಾಗೋವರೆಗೂ ಬಾಗಿಲಲ್ಲೇ ನಿಲ್ಲಿಸೋಣ ಅಂತ."

"ನಾ ಅವತ್ತೇ ಏಳ್ನಿಲ್ವಾ?" ಎಂದು ಗುರುಮಲ್ಲಮ್ಮ ಗೆದ್ದವಳಂತೆ ಒಳಗೆ ಹೋಗಿ ಡಬ್ಬಿ ತಂದಳು. "ತಕಳಿ. ಅವತ್ತಿಂದ ಅಚ್ಚೇ ಇಲ್ಲ. ಕಾಣ್ದೆ ಇರದ ಎಲ್ಲಿ ಅಂತ ಅಚ್ಚನ?"

ಮರುದಿನ ಬೆಳಿಗ್ಗೆ ಹುಸೇನ್ ಹಳೇ ಸಫೇದಾ ತೆಗೆದು ಕಲ್ಬತ್ತಿಗೆ ಹಾಕಿದರು. ಶುಕ್ರವಾರಕ್ಕೆ ನಾಲ್ಕು ದಿನವಿತ್ತು. ಹಾರಿಸನ ಗಾಯಕ್ಕೆ ಏನನ್ನು ಹಚ್ಚುವುದಾದರೂ ಮೊದಲು ಡಾಕ್ಟರನ್ನು ಕೇಳಿ ಎಂದು ಫರ್ಹೀನ್ ಒತ್ತಿ ಹೇಳಿದ್ದಳು, ಅವರೂ ಹೂಂ ಅಂದಿದ್ದರು. ಕೇಳುವುದಕ್ಕಾದರೂ ಕೈಯಲ್ಲಿ ಒಂದು ಡಬ್ಬಿ ಇರಬೇಕಲ್ಲ. ಕಲ್ಲು ಸುತ್ತಿತು. ಸೋಮವಾರ ಅರೆದರು, ಮಂಗಳವಾರ ಅರೆದರು. ಮಂಗಳವಾರ ಸಂಜೆ ಒಂದು ಚಿಟಿಕೆ ತೆಗೆದು ಕೆಳತುಟಿಗೆ ಸವರಿಕೊಂಡು ಕಣ್ಣು ಮುಚ್ಚಿದರು. ತುಟಿ, ತೀರಾ ಮೆಲ್ಲಗೆ, ಇದೆ ಎಂದಿತು. ಹುಸೇನ್ ಕಲ್ಲನ್ನು ಪಕ್ಕಕ್ಕೆ ತೆಗೆದಿಟ್ಟರು.

ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದ ಅಕ್ತರ್ ಬೀ ಬಂದು ಎರಡು ಬೆರಳಲ್ಲಿ ಪುಡಿಯನ್ನು ತಿಕ್ಕಿ ನೋಡಿ, ತಮ್ಮ ತುಟಿಗೂ ಹಚ್ಚಿಕೊಂಡರು. ನಲವತ್ತು ವರ್ಷದ ಸಂಸಾರದಲ್ಲಿ ಅವರಿಗೂ ಆ ವಿದ್ಯೆ ಬಂದಿತ್ತು.

"ಇನ್ನೂ ಸಿಗ್ತಿದೆಯಲ್ಲ ತುಟಿಗೆ. ಇನ್ನೊಂದು ದಿನ ಅರೆಯಲ್ವಾ?"

"ಸಿಗಲಿ ಬಿಡು," ಎಂದರು ಹುಸೇನ್. "ಇದೆ ಅಂತ ಗೊತ್ತಾಗಲಿ."

ಅಕ್ತರ್ ಬೀ ಗಂಡನ ಮುಖವನ್ನೊಮ್ಮೆ ನೋಡಿ ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋದರು. ಹುಸೇನ್ ಕೈ ಕಾಲು ಮುಖ ತೊಳೆದು ನಮಾಜಿಗೆ ಅಣಿಯಾದರು. ತಂಬಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಮಿಕ್ಕಿತ್ತು. ಅದನ್ನು ಎಂದಿನಂತೆ ಬಚ್ಚಲಿಗೆ ಸುರಿಯಲು ಬಗ್ಗಿದವರು ಹಾಗೇ ನಿಂತರು. ಚಪ್ಪಲಿಯನ್ನು ಅಲ್ಲೇ ಬಿಟ್ಟು, ಬರಿಗಾಲಲ್ಲಿ ಹಿತ್ತಿಲಿಗೆ ನಡೆದು, ದಾಳಿಂಬೆ ಗಿಡದ ಬುಡದ ಸುತ್ತ ಒಂದು ಹನಿಯೂ ಎಲೆಗೆ ತಾಗದಂತೆ ಮೆಲ್ಲಗೆ ಆ ನೀರು ಹೊಯ್ದರು. ಮಣ್ಣು ಅದನ್ನು ಒಳಕ್ಕೆ ಎಳೆದುಕೊಂಡಿತು.